ಮೇ ತಿಂಗಳ ಗಡಿ

ಸಾಗರ ತಾಲೂಕಿನ ಹಿನ್ನೀರಲ್ಲಿ ನನ್ನ ಪಾಲಿಗೆ ಬಿದ್ದದ್ದು
ಎರಡು ರಾಷ್ಟ್ರ.
ಹಾಗಂದವನು ಆರನೇ ಕ್ಲಾಸಿನ ಸುಕೇತ:
'ಸುತ್ತ ನೀರಿದ್ದರೆ ದ್ವೀಪ, ಜನ ಇದ್ದರೆ ದೇಶ.
ಅಕ್ಕ, ನೀವು ವೀಸಾ ಇಲ್ಲದೆ ಓಡಾಡ್ತೀರಿ.'

ನನ್ನ ಕೈಲಿರುವುದು ನೀಲಿ ಡಬ್ಬಿ, ಅದರೊಳಗೆ ಐಸು,
ಐಸಿನ ನಡುವೆ ಕೂಸುಗಳ ಲಸಿಕೆ.
ಮಂಗಳವಾರ ಹೊನ್ನೆಗುಡ್ಡ, ಶುಕ್ರವಾರ ಕಣಿಮನೆ.
ನಡುವಿನ ಅರ್ಧ ಮೈಲಿಗೆ
ಗುತ್ಯಪ್ಪನ ತೆಪ್ಪ, ಗುತ್ಯಪ್ಪನ ಕೆಮ್ಮು.

ಹೊನ್ನೆಗುಡ್ಡದಲ್ಲಿ ಹನ್ನೊಂದು ಮನೆ.
ಕಣಿಮನೆಯಲ್ಲಿ ಒಂಬತ್ತು; ಬೀಗ ಬಿದ್ದದ್ದನ್ನೂ ಹಿಡಿದರೆ ಹತ್ತು,
ಲೋಕಮ್ಮ ಹಿಡಿಯುತ್ತಾಳೆ.
ಇವರ ಬಾವಿ ಶಿವರಾತ್ರಿ ಕಳೆದರೂ ಸಿಹಿ.
ಅವರಲ್ಲಿ ನೇರಳೆ ಮರದ ಬುಡಕ್ಕೆ ನಿಂತರೆ
ಫೋನಿಗೆ ಎರಡು ಕಡ್ಡಿ,
ಹಾಗಾಗಿ ಕಣಿಮನೆಯ ಗುಟ್ಟೆಲ್ಲ
ನೇರಳೆ ಮರಕ್ಕೆ ಗೊತ್ತು.

'ಆ ಗುಡ್ಡಕ್ಕೆ ಹೆಣ್ಣು ಕೊಡಬೇಡಿ,
ನೋವು ಬಂದರೆ ಕರೆಯಲು ಫೋನಿಲ್ಲ.'
'ಆ ದಂಡೆಗೆ ಕೊಡಬೇಡಿ,
ಕೊಡ ಹೊತ್ತು ಹೊತ್ತು ನೆತ್ತಿ ಬೋಳಾಗುತ್ತೆ.'
ಹೀಗೆ ನೀರಿನ ಮೇಲೆ ಕೂಗಿಕೊಂಡೇ
ಮೂರು ಮದುವೆ ತಪ್ಪಿದವು,
ನಾಲ್ಕನೆಯದು ಹೇಗೋ ಆಯಿತು.

ಆಮೇಲೆ ಆಫೀಸಿನಿಂದ ಹಳದಿ ಫಾರಂ ಬಂತು.
ಜೀವನಮಟ್ಟ: ಉತ್ತಮ, ಸಾಧಾರಣ, ಕಳಪೆ.
ಡಾಕ್ಟರರು ಕನ್ನಡಕ ಒರೆಸುತ್ತ ಹೇಳಿದರು:
'ಮಂಜೂರಾದದ್ದು ಒಂದೇ ಮೋಟಾರು ಬೋಟು.
ಕಳಪೆ ಯಾವುದೋ ಅದಕ್ಕೆ.
ಎರಡಕ್ಕೂ ಒಂದೇ ಟಿಕ್ಕು ಹಾಕಬೇಡಮ್ಮ, ಕಡತ ವಾಪಸಾಗುತ್ತೆ.'

ಸುದ್ದಿ ನನಗಿಂತ ಮುಂಚೆ ತೆಪ್ಪ ಹತ್ತಿತ್ತು.
ಮುಂದಿನ ಮಂಗಳವಾರ ಹೊನ್ನೆಗುಡ್ಡದ ಬಾವಿ
ರಾತ್ರೋರಾತ್ರಿ ಕೆಟ್ಟುಹೋಗಿತ್ತು.
'ಎಲ್ಲಿ ಸಿಹಿ? ಬರೀ ಕೆಸರು, ಕುಡಿದು ನೋಡಿ'
ಎಂದು ಕೊಟ್ಟ ಲೋಟದಲ್ಲಿ
ಬೆಲ್ಲ ಹಾಕಿದಷ್ಟು ತಂಪು.
ಶುಕ್ರವಾರ ಲೋಕಮ್ಮ ಮೊಣಕಾಲು ಹಿಡಿದು ಕೂತಿದ್ದಳು,
ನೇರಳೆ ಮರದತ್ತ ಬೆರಳು ತೋರಿ:
'ಎರಡು ಕಡ್ಡಿಯೇ? ಅದು ಮಿಂಚುಹುಳ ಕಣವ್ವ.'
ಅಷ್ಟು ದಿನ ಹೆಮ್ಮೆಗೆ ಬಳಸಿದ ದನಿಯಲ್ಲೇ
ಎರಡು ದೇಶವೂ ಬಡತನ ಕೂಗಿದವು.
ನಾನು ಪೆನ್ನಿನ ಮುಚ್ಚಳ ತೆಗೆಯಲೇ ಇಲ್ಲ.

ಮೇ ತಿಂಗಳು ನೀರು ಇಳಿಯಿತು.
ಮೊದಲು ಬೋಳು ಬುಡಗಳು,
ಆಮೇಲೆ ಒಡೆದ ಕೆಸರಿನ ಚಕ್ಕೆ,
ಆಮೇಲೆ, ಯಾರೂ ಕರೆಯದೆ, ರಸ್ತೆ:
ಜಲ್ಲಿ ಹಾಕಿದ ಹಳೇ ಗಾಡಿರಸ್ತೆ,
ಅದರ ಮೇಲೊಂದು ಕಲ್ಲಿನ ಮೋರಿ, ಒಂದು ಮೈಲಿಗಲ್ಲು.
ಹೊನ್ನೆಗುಡ್ಡದ ಕಂದು ಹಸು ಎಲ್ಲರಿಗಿಂತ ಮೊದಲು
ವಿದೇಶಕ್ಕೆ ನಡೆದು ಹೋಯಿತು.

ಲೋಕಮ್ಮ ಅರ್ಧ ದಾರಿಗೆ ಬಂದು ನಿಂತಳು.
ಎದುರು ದಡದಿಂದ ಗುತ್ಯಪ್ಪನ ಅವ್ವ.
ವರ್ಷವಿಡೀ ನೀರಾಚೆ ಬೈದಾಡಿಕೊಂಡವರು
ಕೈಗೆ ಸಿಗುವಷ್ಟು ಹತ್ತಿರವಾದಾಗ
ಮಾತೇ ಹೊರಡಲಿಲ್ಲ ಇಬ್ಬರಿಗೂ.
ಮೋರಿಯ ಮೇಲೆ ಕೂತು ಎಲೆ ಮಡಚಿದರು.
'ಇಲ್ಲಿ ತಾನೇ ನೀನು ಬಿದ್ದದ್ದು, ಲಂಗ ಹರಿದು?'
'ಬಿದ್ದದ್ದು ನೀನು.'
ಅಷ್ಟೇ.

ಸುಕೇತ ಮೈಲಿಗಲ್ಲಿನ ಪಾಚಿ ಕೆರೆದು
ಅಕ್ಷರ ಕೂಡಿಸಿ ಓದಿದ: ಬಾ, ಳೆ, ಕೊ, ಪ್ಪ.
ಆ ಹೆಸರನ್ನೇ ಊರಿನ ಕಾಲಂನಲ್ಲಿ ಬರೆದೆ,
ಮನೆ ಇಪ್ಪತ್ತೊಂದು, ಬೀಗದ್ದೂ ಸೇರಿ.
ಟಿಕ್ಕು ಎಲ್ಲಿ ಹಾಕಿದೆ ಎಂದು ಹೇಳುವುದಿಲ್ಲ.

ಜೂನ್ ಮೂರನೇ ವಾರ ಕಾಗದ ಬಂತು:
ಈ ಹೆಸರಿನ ಗ್ರಾಮ ಪಟ್ಟಿಯಲ್ಲಿ ಇರುವುದಿಲ್ಲ.
ಅಷ್ಟರಲ್ಲಿ ಮೈಲಿಗಲ್ಲು ಮುಳುಗಿತ್ತು,
ಲೋಕಮ್ಮನ ಮೊಣಕಾಲು ನೆಟ್ಟಗಾಗಿ
ಕೂಗು ಶುರುವಾಗಿತ್ತು.

ಡಬ್ಬಿ ತೊಡೆಯ ಮೇಲಿಟ್ಟು ತೆಪ್ಪದಲ್ಲಿ ಕೂತೆ.
ನಡುನೀರಿನಲ್ಲಿ ಒಂದು ಕಡೆ
ಗುತ್ಯಪ್ಪ ಕೆಳಗೆ ನೋಡದೆಯೇ
ಹುಟ್ಟನ್ನು ಒಂದು ಗೇಣು ಮೇಲೆತ್ತಿದ,
ಮೋರಿಗೆ ತಾಗದ ಹಾಗೆ.